ವೇದನೆಯೂ ಅರಿವೇ



ವೇದವೆಂಬ ಶಬ್ದವೂ ವೇದನೆಯೆಂಬ ಶಬ್ದವೂ ಒಂದೇ 'ವಿದ್' ಧಾತುವಿನಿಂದ ಹುಟ್ಟಿದವು. ವಿದ್ ಎಂದರೆ ಅರಿಯುವುದು. ನೋವುಣ್ಣುವ ಜೀವದಲ್ಲಿ ಅರಿವು ಇದೆಯೆಂದು ಶಬ್ದವೇ ಸಾರುತ್ತದೆ. ಎತ್ತಿಗೆ ವೇದ ತಿಳಿಯದು, ವೇದನೆ ತಿಳಿಯುತ್ತದೆ.

ಈ ಮಾತನ್ನು ಈಗ ಕಾನೂನುಗಳೂ ಆಡತೊಡಗಿವೆ. ಪ್ರಾಣಿಗಳು ಸುಖದುಃಖಗಳ ಅರಿವುಳ್ಳವು ಎಂಬುದನ್ನು ಬ್ರಿಟನ್ 2022ರಲ್ಲಿ ಕಾಯಿದೆಯ ಮೂಲಕವೇ ಒಪ್ಪಿಕೊಂಡಿತು. ನಮ್ಮ ದೇಶದ 1960ರ ಕಾಯಿದೆಯಲ್ಲಿ ಆ ಪದವಿಲ್ಲ. ಆದರೆ ಪ್ರಾಣಿಗೆ ಅನಾವಶ್ಯಕ ನೋವಾಗದಂತೆ ನೋಡಿಕೊಳ್ಳುವುದು ಸಾಕಿದವನ ಕರ್ತವ್ಯವೆಂದು ಅದು ವಿಧಿಸಿದೆ. 1965ರ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ. ಬಂಡಿಯ ಹೇರಿಗೆ ಮಿತಿ ಇರಬೇಕು. ಎತ್ತನ್ನು ದಿನಕ್ಕೆ 9 ತಾಸು ಮೀರಿ ದುಡಿಸಬಾರದು. ವಿಶ್ರಾಂತಿಯಿಲ್ಲದೆ 5 ತಾಸು ದಾಟಬಾರದು. ಬಿಸಿಲು 37 ಡಿಗ್ರಿ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಮೊಳೆಯಿರುವ ಕೋಲು ಹಿಡಿಯಬಾರದು.

ನಮ್ಮ ಮಹಾಲಿಂಗಪುರ ಬೆಲ್ಲದ ಪೇಟೆ. ಈ ಸೀಮೆಯ ಸಿಹಿಯನ್ನು ತಲೆತಲಾಂತರದಿಂದ ಹೊತ್ತು ತಂದದ್ದು ಎತ್ತಿನ ಹೆಗಲು. ಟ್ರ್ಯಾಕ್ಟರು ಬಂದರೂ ಕಬ್ಬಿನ ಬಂಡಿ ನಿಂತಿಲ್ಲ. ಕೂಲಿ ಟನ್ನಿನ ಲೆಕ್ಕದಲ್ಲಿದ್ದರೆ ಬಂಡಿಯವನಿಗೆ ಇನ್ನೊಂದಿಷ್ಟು ಹೇರುವ ಆಸೆಯಾಗುತ್ತದೆ. ಅವನೂ ಸಾಲದಲ್ಲಿ ಬಿದ್ದವನೇ. ಅವನನ್ನು ಹಳಿಯುವುದು ಸುಲಭ. ಆದರೆ ಅವನ ಸಾಲವನ್ನು ಎತ್ತು ತನ್ನ ಮೊಣಕಾಲಿನಿಂದ ತೀರಿಸಬೇಕೆ? ಹೇರು ಇಳಿಸೆಂದು ಹೇಳುವುದು, ಇಳಿಸಿದವನಿಗೆ ನಷ್ಟವಾಗದಂತೆ ಕೂಲಿ ಕೊಡುವುದು ಹೊಲದ ಒಡೆಯರ ಧರ್ಮ.

ಜಾತ್ರೆಯ ಮಾತಿಗೆ ಬರೋಣ. ಗಾಡಿ ಓಟಗಳನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನಿಷೇಧಿಸಿತ್ತು. ಹಸಿವು, ನೋವು, ಭಯಗಳಿಂದ ಬಿಡುಗಡೆ ಪ್ರಾಣಿಗೂ ಸಲ್ಲತಕ್ಕದ್ದೆಂದು ಆಗ ಹೇಳಿತು. 2017ರಲ್ಲಿ ನಮ್ಮ ರಾಜ್ಯವು ಕಾಯಿದೆ ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಷರತ್ತಿನೊಡನೆ ಅವಕಾಶ ಮಾಡಿಕೊಟ್ಟಿತು. 2023ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. "ಅಜ್ಜಾರ, ಸರಕಾರಾನ ಪರವಾನಗಿ ಕೊಟ್ಟೈತಲ್ಲ?" ಎನ್ನುವಿರಿ. ನಿಜ. ಪರವಾನಗಿ ಓಟಕ್ಕೆ ದೊರಕಿತು, ಚುಚ್ಚುವುದಕ್ಕಲ್ಲ. ಬಾಲ ತಿರುವಿ, ಮೊಳೆ ಚುಚ್ಚಿ ಗೆದ್ದ ಬಹುಮಾನವನ್ನು ದೇವರ ಮುಂದೆ ಇಡಬೇಡಿರಿ.

ಪ್ರತಿ ಬಂಡಿಯ ಹಿಂದೆ ಪೋಲೀಸನನ್ನು ನಿಲ್ಲಿಸಲಾಗದು. ಅಲ್ಲಿ ಕಾಯಬೇಕಾದದ್ದು ನಿಮ್ಮ ಅರಿವು. ಮುಂಜಾನೆ ಇಷ್ಟಲಿಂಗವನ್ನು ಹಿಡಿದ ಕೈಯೇ ಆಮೇಲೆ ಬಾರಕೋಲನ್ನು ಹಿಡಿಯುತ್ತದೆಂಬುದು ನೆನಪಿರಲಿ. ಕಾರಹುಣ್ಣಿಮೆಗೆ ಎತ್ತಿನ ಮೈತೊಳೆದು ಕೋಡಿಗೆ ಬಣ್ಣ ಹಚ್ಚುವಾಗ ಹೆಗಲ ಮೇಲೂ ಕೈಯಾಡಿಸಿರಿ. ಬಾವಿದ್ದರೆ ಅದು ಮಾಯುವವರೆಗೆ ನೊಗ ಇಡಬೇಡಿರಿ. ಇದೊಂದು ವ್ರತವನ್ನು ಮನೆಮನೆಯವರು ಹಿಡಿದರೆ ನಮಗೆ ಅದೇ ಕಾಣಿಕೆ.

ಸರ್ವ ಜೀವರಿಗೂ ಸನ್ಮಂಗಳವಾಗಲೆಂದು ಹಾರೈಸುತ್ತೇವೆ.