ನಿಂತ ಕಾರಿನಲ್ಲಿ ಲಿಥಿಯಂ ಬ್ಯಾಟರಿ



ಯಲಹಂಕ ಉಪನಗರದಲ್ಲಾಗಲಿ, ಹೆಬ್ಬಾಳ, ಆರ್.ಟಿ. ನಗರಗಳ ಬೀದಿಗಳಲ್ಲಾಗಲಿ ಬೆಳಗಿನ ಹೊತ್ತು ಒಂದು ಸುತ್ತು ನಡೆದುಬನ್ನಿ. ಹೊದಿಕೆ ಹೊದ್ದು ನಿಂತ ಕಾರುಗಳು ಹಲವು ಕಣ್ಣಿಗೆ ಬೀಳುತ್ತವೆ. ಒಂದು ಮನೆಯಲ್ಲಿ ಮಕ್ಕಳು ಹೊರದೇಶದಲ್ಲಿದ್ದಾರೆ, ಹಿರಿಯರಿಗೆ ಆಟೋ ಸಾಕು. ಇನ್ನೊಂದು ಮನೆಯ ಯಜಮಾನರು ಯಶವಂತಪುರದಲ್ಲಿ ಮೆಟ್ರೋ ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಕಾರು ಹೊರಬರುವುದು ಹಬ್ಬಕ್ಕೆ, ಮದುವೆಗೆ, ಇಲ್ಲವೇ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಯಾರನ್ನಾದರೂ ಬಿಟ್ಟುಬರಲು. ಓಡದ ವಾಹನಕ್ಕೆ ಸವಕಳಿ ಇಲ್ಲವೆಂದು ನಾವು ನಂಬಿಕೊಂಡಿದ್ದೇವೆ. ಟೈರಿನ ವಿಷಯದಲ್ಲಿ ಅದು ಅರ್ಧ ನಿಜ. ಬ್ಯಾಟರಿಯ ವಿಷಯದಲ್ಲಿ ನಿಜವೇ ಅಲ್ಲ.

ಈಗ ನನ್ನ ಮುಂದೆ ಮೇಜಿನ ಮೇಲೆ ಎರಡು ಬ್ಯಾಟರಿಗಳಿವೆ. ಎರಡೂ 12 ವೋಲ್ಟಿನವು. ಎಡಗಡೆಯದನ್ನು ಎತ್ತಲು ಎರಡು ಕೈ ಬೇಕು. ಅದು ಸೀಸ ಮತ್ತು ಗಂಧಕಾಮ್ಲದ ಹಳೆಯ ಬ್ಯಾಟರಿ. ಬಲಗಡೆಯದು ಲಿಥಿಯಂ ಬ್ಯಾಟರಿ. ಅಷ್ಟೇ ವಿದ್ಯುತ್ತನ್ನು ಹಿಡಿದಿಟ್ಟುಕೊಂಡರೂ ತೂಕ ಅರ್ಧಕ್ಕಿಂತ ಕಡಿಮೆ. ಮಾಡುವ ಕೆಲಸ ಒಂದೇ ಆದರೂ ಇವೆರಡರ ಸ್ವಭಾವ ತದ್ವಿರುದ್ಧ. ಒಂದನ್ನು ಕಾಪಾಡುವ ಕ್ರಮ ಇನ್ನೊಂದನ್ನು ಕೆಡಿಸುತ್ತದೆ. ಇಂದಿನ ಮಾತೆಲ್ಲ ಇದರ ಸುತ್ತಲೇ.

ನಿಮ್ಮ ತಾತನನ್ನೋ ಹಳೆಯ ಗ್ಯಾರೇಜಿನ ಮೇಸ್ತ್ರಿಯನ್ನೋ ಕೇಳಿ ನೋಡಿ. “ಬ್ಯಾಟರಿ ಯಾವಾಗಲೂ ತುಂಬಿರಲಿ, ಇಳಿಯಲು ಬಿಡಬೇಡ” ಎನ್ನುತ್ತಾರೆ. ಸೀಸದ ಬ್ಯಾಟರಿಗೆ ಇದು ನೂರಕ್ಕೆ ನೂರು ಸರಿ. ಅದು ವಿದ್ಯುತ್ತನ್ನು ಹೊರಕ್ಕೆ ಕೊಟ್ಟಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಹಿಂದಿನ ರೂಪಕ್ಕೆ ಬರುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಜಗ್ಗುವುದಿಲ್ಲ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ತಿಂಗಳುಗಟ್ಟಲೆ ನಿಂತ ಎಷ್ಟೋ ಕಾರುಗಳು ಆಮೇಲೆ ಸ್ಟಾರ್ಟ್ ಆಗದೆ ಹೋದದ್ದು ಹೀಗೆಯೇ.

ಈ ಎರಡು ಬಗೆಯ ಬ್ಯಾಟರಿಗಳೂ ಒಂದೇ ಕಾರ್ಖಾನೆಯ ಕಾರುಗಳಲ್ಲಿ ಒಂದರ ಹಿಂದೆ ಒಂದು ಬಂದದ್ದು ನಮ್ಮ ಬೆಂಗಳೂರಿನಲ್ಲಿಯೇ. ಬೊಮ್ಮಸಂದ್ರದಲ್ಲಿ ತಯಾರಾದ ‘ರೇವಾ’ ವಿದ್ಯುತ್ ಕಾರು 2001ರಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಸಾಲಾಗಿ ಜೋಡಿಸಲ್ಪಟ್ಟಿದ್ದವು, ಒಟ್ಟು 48 ವೋಲ್ಟ್. ಲಂಡನ್ನಿನ ಬೀದಿಗಳಲ್ಲಿ ಇದೇ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು. 2009ರಲ್ಲಿ ಅದರ ಲಿಥಿಯಂ ಮಾದರಿ ಬಂತು. ಸಂಸ್ಥೆಯ ಹೆಚ್ಚಿನ ಪಾಲು ಮಹೀಂದ್ರಾ ಕೈಸೇರಿದ ಮೇಲೆ 2013ರಲ್ಲಿ ಬಂದ ‘ಇ2ಓ’ ಲಿಥಿಯಂ ಬ್ಯಾಟರಿಯ ಕಾರು. ಹಳೆಯ ರೇವಾ ಕೊಟ್ಟು ಹೊಸದನ್ನು ಕೊಂಡವರು, ಊರಿಗೆ ಹೋಗುವ ಮುನ್ನ ಕಾರನ್ನು ಚಾರ್ಜಿಗೆ ಸಿಕ್ಕಿಸಿಟ್ಟು ಹೋಗುವ ಅಭ್ಯಾಸವನ್ನೂ ಅಲ್ಲಿಗೇ ಬಿಡಬೇಕಾಗಿತ್ತು.

ಏಕೆಂದು ನೋಡೋಣ. ಲಿಥಿಯಂ ಕೋಶದ ಒಂದು ಕಡೆ ಗ್ರಾಫೈಟ್ ಇರುತ್ತದೆ. ಇನ್ನೊಂದು ಕಡೆ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತ ಆಕ್ಸೈಡ್ ಇರಬಹುದು, ಇಲ್ಲವೇ ಕಬ್ಬಿಣದ ಫಾಸ್ಫೇಟ್ ಇರಬಹುದು. ನಡುವೆ ವಿದ್ಯುದ್ವಿಭಾಜ್ಯ ದ್ರವ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ, ಬಳಸುವಾಗ ಹಿಂತಿರುಗುತ್ತವೆ. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಈ ಏರ್ಪಾಡಿನ ಹಿಂದೆ ದುಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಗ್ರಾಫೈಟಿನ ಮೈಮೇಲೆ ತೆಳುವಾದ ಒಂದು ಪೊರೆ ಇರುತ್ತದೆ. ಮೊದಲ ಸಲ ಚಾರ್ಜ್ ಮಾಡಿದಾಗಲೇ ಅದು ಹುಟ್ಟುತ್ತದೆ. ಅದು ಬೇಕು ಕೂಡ, ದ್ರವ ನೇರವಾಗಿ ಗ್ರಾಫೈಟನ್ನು ಮುಟ್ಟದಂತೆ ಕಾಯುತ್ತದೆ. ಆದರೆ ಕೋಶ ಪೂರ್ತಿ ತುಂಬಿದ್ದಾಗ, ಅಂದರೆ ಆಕ್ಸೈಡ್ ಬಗೆಯಲ್ಲಿ 4.2 ವೋಲ್ಟಿನ ಹತ್ತಿರವಿದ್ದಾಗ, ಒಳಗಿನ ವಸ್ತುಗಳೆಲ್ಲ ಬಹಳ ಚುರುಕಾಗಿರುತ್ತವೆ. ಕಾರು ನಿಂತೇ ಇದ್ದರೂ ಪೊರೆ ಸ್ವಲ್ಪ ಸ್ವಲ್ಪವೇ ದಪ್ಪವಾಗುತ್ತ ಹೋಗುತ್ತದೆ. ಅದರಲ್ಲಿ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಕೆಲಸಕ್ಕೆ ಬಾರದು. 300 ಕಿಲೋಮೀಟರು ಓಡುತ್ತಿದ್ದ ಕಾರು ಕೆಲವು ವರ್ಷಗಳಲ್ಲಿ ಓಡದೆಯೇ 260ಕ್ಕೆ ಇಳಿದರೆ ಆಶ್ಚರ್ಯವಿಲ್ಲ.

ಹಾಗಾದರೆ ಪೂರ್ತಿ ಖಾಲಿ ಮಾಡಿ ಇಡೋಣವೇ? ಅದು ಇನ್ನೂ ಕೆಟ್ಟದ್ದು. ಕೋಶದ ವೋಲ್ಟೇಜು ಸುಮಾರು 2ಕ್ಕಿಂತ ಕೆಳಗೆ ಬಿದ್ದು ಹಾಗೆಯೇ ಉಳಿದರೆ, ಗ್ರಾಫೈಟನ್ನು ಹಿಡಿದಿರುವ ತಾಮ್ರದ ಹಾಳೆಯೇ ದ್ರವದಲ್ಲಿ ಕರಗತೊಡಗುತ್ತದೆ. ಆಮೇಲೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಂದರಲ್ಲಿ ಕೂತು ಒಳಗೇ ಶಾರ್ಟ್ ಆಗುವ ಅಪಾಯವಿದೆ. ನಮ್ಮ ಕೆರೆಗಳನ್ನು ನೆನೆಸಿಕೊಳ್ಳಿ: ಕೋಡಿ ಬೀಳುವಷ್ಟು ತುಂಬಿದರೆ ಏರಿಗೆ ಭಾರ, ತಳ ಕಾಣುವಷ್ಟು ಒಣಗಿದರೆ ಮಣ್ಣು ಬಿರಿಯುತ್ತದೆ. ಲಿಥಿಯಂ ಬ್ಯಾಟರಿಗೆ ನೆಮ್ಮದಿ ಇರುವುದು ಅರ್ಧಮಟ್ಟದಲ್ಲಿ. ಎರಡು ಮೂರು ವಾರಕ್ಕಿಂತ ಹೆಚ್ಚು ಕಾಲ ಕಾರು ನಿಲ್ಲುವುದಾದರೆ ಶೇಕಡಾ 40ರಿಂದ 60ರ ನಡುವೆ ಬಿಡಿ. ಚಾರ್ಜರು ಕಿತ್ತಿಡಿ. ತಿಂಗಳಿಗೊಮ್ಮೆ ಮಟ್ಟ ನೋಡಿ. 25ರ ಹತ್ತಿರ ಬಂದಿದ್ದರೆ ಮತ್ತೆ 50ಕ್ಕೆ ಏರಿಸಿ. ಪೂರ್ತಿ ತುಂಬಿಸುವುದು ಪ್ರಯಾಣದ ಹಿಂದಿನ ರಾತ್ರಿಗೆ ಇರಲಿ.

ಇಲ್ಲಿ ಒಂದು ವಿನಾಯಿತಿ ಹೇಳಬೇಕು. ಕಬ್ಬಿಣದ ಫಾಸ್ಫೇಟ್ ಬಗೆಯ ಬ್ಯಾಟರಿಯಲ್ಲಿ ಶೇಕಡಾ 30 ಇದ್ದರೂ 70 ಇದ್ದರೂ ವೋಲ್ಟೇಜು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಎಷ್ಟು ಉಳಿದಿದೆ ಎಂಬ ಕಾರಿನ ಲೆಕ್ಕ ದಿನ ಕಳೆದಂತೆ ತಪ್ಪುತ್ತದೆ. ಆಗಾಗ ಪೂರ್ತಿ ತುಂಬಿಸಿದಾಗ ಲೆಕ್ಕ ಸರಿಹೋಗುತ್ತದೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ಓದಿ. ಕೈಪಿಡಿ ಓದುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಿಮೆ. ಆ ಕೆಲಸ ನೀವು ವಹಿಸಿಕೊಳ್ಳಿ.

ಎರಡನೆಯ ಶತ್ರು ಶಾಖ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂದು ಪಿ.ಯು. ತರಗತಿಯಲ್ಲಿ ಆರ್ಹೀನಿಯಸ್ ಸಮೀಕರಣದ ಜೊತೆ ಕಲಿಯುತ್ತೀರಿ. ಪೊರೆ ದಪ್ಪವಾಗುವುದೂ ಒಂದು ರಾಸಾಯನಿಕ ಕ್ರಿಯೆಯೇ. ನೆರಳಿನಲ್ಲಿ 25 ಡಿಗ್ರಿಯಲ್ಲಿರುವ ಬ್ಯಾಟರಿಗೂ ಬಿಸಿಲಿಗೆ ಕಾದು 45 ಮುಟ್ಟಿದ ಬ್ಯಾಟರಿಗೂ ಈ ಲೆಕ್ಕದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಬೆಂಗಳೂರು ತಂಪಿನ ಊರೆಂದು ಮೈಮರೆಯಬೇಡಿ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಬೇಸಗೆಯಲ್ಲಿ ಮರದಡಿಯೋ ನೆಲಮಾಳಿಗೆಯೋ ಸಿಕ್ಕರೆ ಅದೇ ಒಳ್ಳೆಯ ಜಾಗ. ಚಳಿಯ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು. ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿಯೇ ಗ್ರಾಫೈಟಿನ ಮೇಲೆ ಕೂತು ಹಾಳುಮಾಡುತ್ತದೆ. ಲೇಹ್‌ನಲ್ಲಿರುವವರಿಗೆ ಅದು ದೊಡ್ಡ ಚಿಂತೆ. ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ.

ಇನ್ನು ಎಷ್ಟೋ ಜನರಿಗೆ ತಿಳಿಯದ ಒಂದು ಸಂಗತಿ. ವಿದ್ಯುತ್ ಕಾರಿನಲ್ಲಿಯೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಸಣ್ಣ ಬ್ಯಾಟರಿ ಒಂದಿರುತ್ತದೆ. ಅನೇಕ ಕಾರುಗಳಲ್ಲಿ ಅದು ಹಳೆಯ ಸೀಸದ್ದೇ! ಬಾಗಿಲಿನ ಬೀಗ, ದೀಪ, ಗಣಕ ಎಲ್ಲಕ್ಕೂ ಅದೇ ಆಧಾರ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚು ಎಳೆಯಬೇಕಾದರೂ ಅದೇ ಬೇಕು. ಅದು ಸತ್ತರೆ ದೊಡ್ಡದು ತುಂಬಿದ್ದೂ ಕಾರು ಕದಲದು. ಒಂದು ಲೆಕ್ಕ ಮಾಡಿ: ನಿಂತ ಕಾರಿನ ಗಡಿಯಾರ, ಕಳ್ಳಗಂಟೆ ಇತ್ಯಾದಿಗಳು ಸೇರಿ 30 ಮಿಲಿ ಆಂಪಿಯರ್ ಎಳೆಯುತ್ತವೆಂದು ಇಟ್ಟುಕೊಳ್ಳೋಣ. ದಿನಕ್ಕೆ 0.72 ಆಂಪಿಯರ್-ಗಂಟೆ. ಬ್ಯಾಟರಿ 35 ಆಂಪಿಯರ್-ಗಂಟೆಯದಾದರೆ 48 ದಿನದಲ್ಲಿ ಪೂರ್ತಿ ಖಾಲಿ. ಕೆಲವು ಕಾರುಗಳು ದೊಡ್ಡದರಿಂದ ಸಣ್ಣದಕ್ಕೆ ತಾವಾಗಿಯೇ ತುಂಬಿಸಿಕೊಳ್ಳುತ್ತವೆ, ಕೆಲವು ಚಾಲೂ ಮಾಡಿದಾಗ ಮಾತ್ರ. ಹೀಗೆ ಒಂದೇ ಕಾರಿನೊಳಗೆ ಅರ್ಧ ಇರಬೇಕಾದ ಬ್ಯಾಟರಿಯೂ ತುಂಬಿರಬೇಕಾದ ಬ್ಯಾಟರಿಯೂ ಅಕ್ಕಪಕ್ಕ ಇರುತ್ತವೆ. ವಿದೇಶದಲ್ಲಿ ಕುಳಿತು ಮೊಬೈಲಿನಲ್ಲಿ ಗಂಟೆಗೊಮ್ಮೆ “ನನ್ನ ಕಾರು ಹೇಗಿದೆ” ಎಂದು ನೋಡುವ ಅಣ್ಣಂದಿರಿಗೂ ಒಂದು ಮಾತು: ಅನೇಕ ಕಾರುಗಳು ಹಾಗೆ ಕೇಳಿದಾಗಲೆಲ್ಲ ನಿದ್ದೆಯಿಂದೆದ್ದು ಸ್ವಲ್ಪ ವಿದ್ಯುತ್ತು ಖರ್ಚು ಮಾಡುತ್ತವೆ.

ಪೆಟ್ರೋಲು ಕಾರಿಗೆ ಸೀಸದ ಬದಲು 12 ವೋಲ್ಟಿನ ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರೂ ಇದ್ದಾರೆ. ಅದರಲ್ಲಿ 3.2 ವೋಲ್ಟಿನ ನಾಲ್ಕು ಫಾಸ್ಫೇಟ್ ಕೋಶಗಳಿರುತ್ತವೆ. ಮನೆಯಲ್ಲಿರುವ ಹಳೆಯ ಚಾರ್ಜರನ್ನು ಅದಕ್ಕೆ ಹಚ್ಚಬೇಡಿ. ಗಟ್ಟಿಯಾದ ಸಲ್ಫೇಟನ್ನು ಒಡೆಯಲೆಂದು 15 ವೋಲ್ಟಿಗೂ ಮೇಲೆ ಏರುವ ಚಾರ್ಜರುಗಳಿವೆ, ಲಿಥಿಯಮ್ಮಿಗೆ 14.6ರ ಮೇಲೆ ಹೋಗಬಾರದು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ತಂತಿ ಬಿಚ್ಚಿಡುವುದೇ ಸುಲಭ. ಬಿಚ್ಚುವಾಗ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಕಾರಿನ ಮೈಯೆಲ್ಲ ಋಣಕ್ಕೆ ಸೇರಿದೆ. ಧನವನ್ನು ಮೊದಲು ಮುಟ್ಟಿ ಸ್ಪ್ಯಾನರು ಮೈಗೆ ತಗಲಿದರೆ ಕಿಡಿ ಹಾರುತ್ತದೆ. ಇದನ್ನೂ ಹಿರಿಯರೊಬ್ಬರು ಜೊತೆಗಿದ್ದಾಗಲೇ ಮಾಡಿ. ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ತಂತಿಗಳನ್ನಂತೂ ಮುಟ್ಟಲೇಬೇಡಿ, ಅವುಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ.

ನೆಲಮಾಳಿಗೆ ಒಳ್ಳೆಯ ಜಾಗ ಎಂದೆ. ಮಳೆಗಾಲದಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಯಲಹಂಕದ ಕೇಂದ್ರೀಯ ವಿಹಾರದೊಳಕ್ಕೆ 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ನೀರು ನುಗ್ಗಿ ನಿವಾಸಿಗಳನ್ನು ದೋಣಿಗಳಲ್ಲಿ ಕರೆತಂದದ್ದು ನಿಮಗೆ ನೆನಪಿರಬಹುದು. ಕೆರೆಯ ಕೆಳಗಿನ ಬಡಾವಣೆಗಳಲ್ಲಿ ಬಹುಕಾಲ ನಿಲ್ಲುವ ಕಾರನ್ನು ಸೆಪ್ಟೆಂಬರು, ಅಕ್ಟೋಬರುಗಳಲ್ಲಿ ಎತ್ತರದ ಜಾಗಕ್ಕೆ ಸಾಗಿಸುವುದು ಲೇಸು; ಬಿಸಿಲು ತಗಲಿದರೂ ಚಿಂತೆಯಿಲ್ಲ, ಆ ತಿಂಗಳುಗಳ ಬಿಸಿಲು ಏಪ್ರಿಲಿನದಲ್ಲ. ಕಾರು ನೀರಿನಲ್ಲಿ ಮುಳುಗಿದ್ದರೆ, ನೀರು ಇಳಿದು ಮೈ ಒಣಗಿದ ಮೇಲೂ ಅದನ್ನು ಚಾಲೂ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ. ಒಳಗೆ ಉಳಿದ ತೇವದಿಂದ ದಿನಗಳ ನಂತರವೂ ಬೆಂಕಿ ಹತ್ತಬಹುದು. ಕಟ್ಟಡದಿಂದ ದೂರಕ್ಕೆ ಎಳೆಸಿ ನಿಲ್ಲಿಸಿ, ತಯಾರಕರ ತಂತ್ರಜ್ಞರನ್ನು ಕರೆಸಬೇಕು.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಕಾರಿನ ಬೆಲೆಯಲ್ಲಿ ಬ್ಯಾಟರಿಯದೇ ದೊಡ್ಡ ಪಾಲು. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ಇದೆ ಎಂಬ ಸುದ್ದಿ ಕೇಳಿದ್ದೀರಿ. 2021ರಲ್ಲಿ ಅಲ್ಲಿನ ಅಂದಾಜು 1,600 ಟನ್, ಅಷ್ಟೇ. ನಾವು ಈಗ ಬಳಸುತ್ತಿರುವ ಲಿಥಿಯಂ ಹೊರದೇಶದಿಂದ ಬಂದದ್ದು.

ಮುಂದಿನ ತಿಂಗಳ ಒಂದನೇ ತಾರೀಖು ಮನೆಯ ಅಥವಾ ನೆರೆಮನೆಯ ನಿಂತ ಕಾರಿನ ಮಟ್ಟವನ್ನು ಅವರ ಅನುಮತಿ ಪಡೆದು ಒಂದು ಪುಸ್ತಕದಲ್ಲಿ ಬರೆದಿಡಿ. ಆ ದಿನದ ಉಷ್ಣತೆಯನ್ನೂ ಬರೆಯಿರಿ. ಆರು ತಿಂಗಳ ನಂತರ ರೇಖಾಚಿತ್ರ ಎಳೆದು ನಿಮ್ಮ ವಿಜ್ಞಾನ ಅಧ್ಯಾಪಕರಿಗೆ ತೋರಿಸಿ.