ಮುದಿ ಬೆಕ್ಕಿನ ಕಿವಿ ಮಂದವಾದಾಗ

ಕರಾವಳಿಯ ಮನೆಗಳಲ್ಲಿ ಬೆಳಗಿನ ಹೊತ್ತು ಮೀನು ಮಾರುವವರ ಹಾರ್ನ್ ಕೇಳಿಸಿದರೆ ಸಾಕು, ಮನೆಯವರಿಗಿಂತ ಮೊದಲು ಗೇಟಿನ ಬಳಿ ಹಾಜರಾಗುವುದು ಬೆಕ್ಕು. ಅಂಥ ಬೆಕ್ಕು 13–14 ವರ್ಷ ದಾಟಿದ ಮೇಲೆ ಒಂದು ದಿನ ಜಗಲಿಯಲ್ಲಿ ಮಲಗಿದ್ದಲ್ಲೇ ಮಲಗಿರುತ್ತದೆ. ಹಾರ್ನ್ ಬಂದು ಹೋದರೂ ಕಿವಿ ಅಲುಗುವುದಿಲ್ಲ. ಮೀನಿನ ವಾಸನೆ ಮೂಗಿಗೆ ಬಡಿದಾಗ ದಡಬಡಿಸಿ ಏಳುತ್ತದೆ. ‘ವಯಸ್ಸಾಯಿತು, ಸೋಮಾರಿಯಾಗಿದೆ’ ಎಂದು ಮನೆಮಂದಿ ಸುಮ್ಮನಾಗುತ್ತಾರೆ. ಪಾಪ, ಅದಕ್ಕೆ ಕಿವಿ ಕೇಳಿಸುತ್ತಿರುವುದಿಲ್ಲ.

ಕೇಳುಗರೇ, ಮನುಷ್ಯನ ಶ್ರವಣಶಕ್ತಿ ಸುಮಾರು 20 ಸಾವಿರ ಹರ್ಟ್ಜ್‌ಗೆ ನಿಲ್ಲುತ್ತದೆ. ಬೆಕ್ಕಿನದು 60 ಸಾವಿರವನ್ನೂ ಮೀರುತ್ತದೆ. ನಮಗೆ ಕೇಳಿಸದ ಇಲಿಮರಿಯ ಕೀಚಲು ಅದಕ್ಕೆ ಸ್ಪಷ್ಟ. ಒಳಗಿವಿಯ ಶಂಖದಾಕಾರದ ಸುರುಳಿಯಲ್ಲಿರುವ ರೋಮಕೋಶಗಳು ಸದ್ದಿನ ಕಂಪನವನ್ನು ನರಗಳಿಗೆ ದಾಟಿಸುತ್ತವೆ. ಮುಪ್ಪಿನಲ್ಲಿ ಅವು ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಮರೆಯಾಗುವುದು ಕೀರಲು ಸದ್ದು. ಹೀಗಾಗಿ ‘ಪುಸ್ ಪುಸ್’ ಎಂಬ ತೆಳು ಕರೆಗೆ ಓಗೊಡದ ಬೆಕ್ಕು ಬಾಗಿಲು ಧಡಾರನೆ ಬಡಿದಾಗ ತಿರುಗಿ ನೋಡುವುದುಂಟು.

ಎಲ್ಲಕ್ಕೂ ಮುಪ್ಪೇ ಕಾರಣವಲ್ಲ. ಗುಗ್ಗೆ, ಕಿವಿಯ ನುಸಿ, ಸೋಂಕು ಇವು ಚಿಕಿತ್ಸೆಗೆ ಬಗ್ಗುತ್ತವೆ. ಜೆಂಟಾಮೈಸಿನ್‌ನಂಥ ಔಷಧಗಳಿಂದಲೂ ಕಿವಿಗೆ ಪೆಟ್ಟು ಬೀಳಬಹುದು. ಆದ್ದರಿಂದ ಪಶುವೈದ್ಯರಿಗೆ ತೋರಿಸುವ ಮೊದಲು ಬಿಸಿ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಬೇಡವೇ ಬೇಡ. ಕಿವಿ ಮಂದವಾದ ಬೆಕ್ಕು ತನ್ನ ದನಿ ತನಗೇ ಕೇಳಿಸದೆ ರಾತ್ರಿ ಜೋರಾಗಿ ಕೂಗುತ್ತದೆ. ಆದರೆ ಥೈರಾಯ್ಡ್ ಹೆಚ್ಚಾದರೂ, ರಕ್ತದೊತ್ತಡ ಏರಿದರೂ ಅದೇ ಕೂಗು. ಹಾಗಾಗಿ ಅವೆರಡರ ಪರೀಕ್ಷೆಯನ್ನೂ ಮಾಡಿಸಬೇಕು.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ಹಿಂದಿನಿಂದ ಬಂದು ಎತ್ತಿಕೊಳ್ಳಬಾರದು. ಬೆಚ್ಚಿದ ಬೆಕ್ಕು ಪರಚುತ್ತದೆ, ಅದರಲ್ಲಿ ಸಿಟ್ಟೇನೂ ಇಲ್ಲ. ಅದಕ್ಕೆ ಕಾಣುವ ಕಡೆಯಿಂದಲೇ ಹತ್ತಿರ ಹೋಗಬೇಕು. ಮಕ್ಕಳಿಗೂ ಇದನ್ನು ಹೇಳಿಕೊಡಬೇಕು. ಊಟಕ್ಕೆ ಕರೆಯಲು ದೀಪವನ್ನು ಎರಡು ಸಲ ಆರಿಸಿ ಹೊತ್ತಿಸಿ, ಪ್ರತಿ ಸಲವೂ ತಪ್ಪದೆ ತಟ್ಟೆ ಇಟ್ಟರೆ ಕೆಲವೇ ದಿನಗಳಲ್ಲಿ ಅದು ರೂಢಿಯಾಗುತ್ತದೆ. ಕೈಸನ್ನೆಯೂ ಹಾಗೆಯೇ. ತಟ್ಟೆ, ಹಾಸಿಗೆ, ಮಲದ ತಟ್ಟೆಗಳ ಜಾಗ ಬದಲಿಸದಿದ್ದರೆ ಅದಕ್ಕೆ ಧೈರ್ಯ.

ಹೊರಗಿನ ಅಪಾಯ ದೊಡ್ಡದು. ಹಿಂದಕ್ಕೆ ಬರುವ ಕಾರು, ಅಟ್ಟಿಸಿಕೊಂಡು ಬರುವ ನಾಯಿ ಯಾವುದೂ ಅದಕ್ಕೆ ಕೇಳಿಸದು. ಹಾಗಾಗಿ ಒಳಗಿಡುವುದೇ ಕ್ಷೇಮ. ಗಾಡಿ ತೆಗೆಯುವ ಮುನ್ನ ಕೆಳಗೊಮ್ಮೆ ಬಗ್ಗಿ ನೋಡಬೇಕು. ಕೊರಳಿಗೆ ಗೆಜ್ಜೆ ಕಟ್ಟಿದರೆ ಬೆಕ್ಕು ಎಲ್ಲಿದೆಯೆಂದು ಮನೆಯವರಿಗೆ ತಿಳಿಯುತ್ತದೆ, ಆದರೆ ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂಥದ್ದಾಗಿರಲಿ.

ಮಲಗಿರುವಾಗ ಎಬ್ಬಿಸುವುದಕ್ಕೂ ಒಂದು ಕ್ರಮವಿದೆ. ಹಾಸಿಗೆಯ ಅಂಚನ್ನು ಮೆಲ್ಲಗೆ ಒತ್ತಿ, ಕೈಯನ್ನು ಮೂಗಿನಿಂದ ಗೇಣು ದೂರದಲ್ಲಿ ಹಿಡಿದು ಕಾಯಬೇಕು. ಮೊದಲು ಮೂಗಿನ ಹೊಳ್ಳೆ ಅರಳುತ್ತದೆ, ಆಮೇಲೆ ಮೀಸೆ ಮುಂದಕ್ಕೆ ಬರುತ್ತದೆ. ಪರಿಚಯದ ವಾಸನೆ ಸಿಕ್ಕ ಬೆಕ್ಕು ಕಣ್ಣು ಬಿಟ್ಟು, ಮೈಮುರಿದು, ಆ ಕೈಗೆ ತಲೆ ಉಜ್ಜುತ್ತದೆ.