ಕಾರ್ಬೆಟ್ ಕೈಯ ಹಗುರ ಕೋವಿ



ಕೋವಿ ಎಂದೊಡನೆ ಕೊಡಗಿನವರಿಗೆ ಕೈಲ್ ಪೊಳ್ದ್ ಹಬ್ಬ ನೆನಪಾಗುತ್ತದೆ. ಮಲೆನಾಡಿನವರಿಗೆ ತೋಟಕ್ಕೆ ನುಗ್ಗುವ ಮಂಗ, ಗದ್ದೆಗೆ ಇಳಿಯುವ ಕಾಡುಹಂದಿ ನೆನಪಾಗುತ್ತವೆ. ಬಯಲುಸೀಮೆಯವರಿಗೆ, ಪಟ್ಟಣದವರಿಗೆ ಕೋವಿಯ ಪರಿಚಯವಾದದ್ದು ಬಹುಮಟ್ಟಿಗೆ ಪುಸ್ತಕಗಳಿಂದ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು, ಜಿಮ್ ಕಾರ್ಬೆಟ್ಟನ ರುದ್ರಪ್ರಯಾಗದ ನರಭಕ್ಷಕನ ಕಥೆಯನ್ನು ಓದದ ಮನೆಗಳು ಕಡಿಮೆ. ಹುಲಿ ಎಷ್ಟು ಜನರನ್ನು ತಿಂದಿತ್ತು, ಎಲ್ಲಿ ಸತ್ತಿತು ಎಂಬುದು ಓದಿದವರಿಗೆಲ್ಲ ನೆನಪಿರುತ್ತದೆ. ಆದರೆ ಬೇಟೆಗಾರನ ಕೈಯಲ್ಲಿದ್ದದ್ದು ಯಾವ ಕೋವಿ, ಅದನ್ನೇ ಏಕೆ ಆರಿಸಿಕೊಂಡ ಎಂದು ಕೇಳುವವರು ಕಡಿಮೆ. ಇಂದಿನ ಮಾತು ಆ ಪ್ರಶ್ನೆಯನ್ನು ಕುರಿತದ್ದು.

ಕಥೆ ಆರಂಭವಾಗುವುದು 1907ರಲ್ಲಿ, ಹಿಮಾಲಯದ ತಪ್ಪಲಿನ ಕುಮಾವೂನ್ ಪ್ರಾಂತ್ಯದಲ್ಲಿ. ಚಂಪಾವತ್ ಎಂಬ ಊರಿನ ಸುತ್ತ ಒಂದು ಹೆಣ್ಣುಹುಲಿ ಜನರನ್ನು ಹಿಡಿಯುತ್ತಿತ್ತು. ಮೊದಲು ನೇಪಾಳದಲ್ಲಿ 200 ಮಂದಿ, ಅಲ್ಲಿಂದ ಓಡಿಸಿದ ಮೇಲೆ ಕುಮಾವೂನಿನಲ್ಲಿ 234 ಮಂದಿಯನ್ನು ಅದು ತಿಂದಿತ್ತೆಂದು ಲೆಕ್ಕವಿತ್ತು. ಕಾರ್ಬೆಟ್ ಅಲ್ಲಿದ್ದಾಗ ಬಲಿಯಾದವರನ್ನೂ ಸೇರಿಸಿ ಈ ಸಂಖ್ಯೆಯನ್ನು 436 ಎಂದು ಹೇಳುವುದುಂಟು. ಆಗ ಕಾರ್ಬೆಟ್ಟನಿಗೆ ಮೂವತ್ತು ದಾಟಿತ್ತು. ಆತ ಕೊಂಡೊಯ್ದದ್ದು .500 ಅಳತೆಯ ಭಾರಿ ರೈಫಲ್.

ಹಳ್ಳಿಯವರಿಂದ ಕಾಡು ಸೋಯಿಸಿ ಹುಲಿಯನ್ನು ಹೊರಡಿಸಬೇಕೆಂದು ಗೊತ್ತಾಯಿತು. ಚಂಪಾವತ್‌ನ ತಹಶೀಲ್ದಾರ ಜನರನ್ನು ಕೂಡಿಸಿದ. ಲೈಸೆನ್ಸ್ ಇಲ್ಲದ ಕೋವಿ ತಂದರೂ ತಾನು ನೋಡಿಯೂ ನೋಡದಂತೆ ಇರುವುದಾಗಿ, ಮದ್ದುಗುಂಡು ಬೇಕಾದವರಿಗೆ ತಾನೇ ಕೊಡುವುದಾಗಿ ಆತ ಸಾರಿದ್ದ. 298 ಮಂದಿ ಬಂದರು. ಅಟ್ಟದಿಂದ, ಸೂರಿನ ಸಂದಿಯಿಂದ ಹೊರಬಂದ ಆಯುಧಗಳು ಒಂದು ವಸ್ತುಸಂಗ್ರಹಾಲಯಕ್ಕೆ ಸಾಕಾಗುವಷ್ಟಿದ್ದುವು ಎಂಬರ್ಥದಲ್ಲಿ ಕಾರ್ಬೆಟ್ ಮುಂದೆ ಬರೆದ. ಜನರು ಸಾಯುತ್ತಿದ್ದ ಊರಿನಲ್ಲಿ ಕೋವಿ ಇದ್ದರೂ ಬಚ್ಚಿಡಬೇಕಾದ ಸ್ಥಿತಿ ಇತ್ತು. 1878ರ ಆಯುಧ ಕಾಯಿದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿತ್ತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿ ಇತ್ತು.

ಆ ದಿನ ಕಾರ್ಬೆಟ್ ಜೇಬಿನಲ್ಲಿ ಹಾಕಿಕೊಂಡಿದ್ದು ಮೂರೇ ತೋಟೆ. ಮೂರೂ ಖರ್ಚಾದುವು. ಗಾಯಗೊಂಡ ಹುಲಿ ಇನ್ನೂ ಎದುರಿಗೇ ನಿಂತಿತ್ತು. ಆತ ಓಡಿಹೋಗಿ ತಹಶೀಲ್ದಾರನ ಹಳೆಯ ಕೋವಿಯನ್ನು ಕಸಿದುಕೊಂಡು ಬಂದ. ಅದರ ನಳಿಗೆಗೂ ಹಿಂಭಾಗಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ಸಂದು ಬಿಟ್ಟಿತ್ತು. ಸಿಡಿದರೆ ತನ್ನ ಮುಖಕ್ಕೇ ಸಿಡಿಯಬಹುದೆಂದು ತಿಳಿದೂ ಹೊಡೆದ. ಬಾಯಿಗೆ ಇಟ್ಟ ಗುರಿ ತಪ್ಪಿ ಗುಂಡು ಪಂಜಕ್ಕೆ ತಗಲಿತು. ಮೊದಲಿನ ಏಟುಗಳಿಂದಲೇ ಹುಲಿ ಸತ್ತಿತು.

ಈ ಸಾಹಸವನ್ನು ಮೆಚ್ಚಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ತಹಶೀಲ್ದಾರನಿಗೆ ಒಂದು ಕೋವಿಯನ್ನು, ಜೊತೆಗೆ ನಡೆದ ಹಳ್ಳಿಗನಿಗೆ ಬೇಟೆಯ ಚೂರಿಯನ್ನು ನೈನಿತಾಲದ ದರ್ಬಾರಿನಲ್ಲಿ ಬಹುಮಾನ ಕೊಟ್ಟ. ಕಾರ್ಬೆಟ್ಟನಿಗೆ ದೊರೆತದ್ದು ಲಂಡನ್ನಿನ ಜಾನ್ ರಿಗ್ಬಿ ಕಂಪೆನಿಯ .275 ರೈಫಲ್. ಬೇಟೆಗಾರರ ಲೋಕದಲ್ಲಿ ಇಷ್ಟು ಹೆಸರಾದ ಹಗುರ ರೈಫಲ್ ಇನ್ನೊಂದು ಸಿಗುವುದು ಕಷ್ಟ.

ಈ ರೈಫಲ್‌ನ ಹುಟ್ಟು ಇಂಗ್ಲೆಂಡಿನದಲ್ಲ. ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿ ಪೌಲ್ ಮೌಸರ್ ಎಂಬ ಕುಶಲಿ 1890ರ ದಶಕದ ಆರಂಭದಲ್ಲಿ 7 ಮಿಲಿಮೀಟರ್ ಅಗಲದ ಗುಂಡಿನ ಒಂದು ತೋಟೆಯನ್ನೂ ಅದಕ್ಕೆ ತಕ್ಕ ಸೈನಿಕ ರೈಫಲನ್ನೂ ರೂಪಿಸಿದ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ಬೋಯರ್ ರೈತರು ಇದೇ ರೈಫಲ್ ಹಿಡಿದು ಬ್ರಿಟಿಷ್ ಸೈನ್ಯವನ್ನು ಕಂಗೆಡಿಸಿದರು. ಶತ್ರುವಿನ ಕೋವಿಯ ಗುಣ ಬ್ರಿಟಿಷರಿಗೆ ಮೈಮುಟ್ಟಿ ಗೊತ್ತಾಯಿತು. ರಿಗ್ಬಿ ಕಂಪೆನಿ ಮೌಸರ್‌ನ ಯಂತ್ರಭಾಗವನ್ನು ತರಿಸಿ, ನಯವಾದ ಮರದ ಹಿಡಿ ಜೋಡಿಸಿ, 7 ಮಿಲಿಮೀಟರನ್ನು ಅಂಗುಲಕ್ಕೆ ಇಳಿಸಿ .275 ಎಂದು ಹೆಸರಿಟ್ಟು ಮಾರಿತು.

ಇದರ ಕೆಲಸದ ಕ್ರಮ ಸರಳ. ಹಳ್ಳಿಮನೆಯ ಬಾಗಿಲಿನ ಚಿಲಕವನ್ನು ನೆನೆಸಿಕೊಂಡರೆ ಸಾಕು. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟೆ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಕೆಳಗಿನ ಪೆಟ್ಟಿಗೆಯಿಂದ ಹೊಸ ತೋಟೆ ನಳಿಗೆಗೆ ಸೇರುತ್ತದೆ. ಕೆಳಕ್ಕೆ ಮಡಚಿದರೆ ಉಕ್ಕಿನ ಗೂಟಗಳು ಗಟ್ಟಿಯಾಗಿ ಕಚ್ಚಿಕೊಂಡು ಬಾಗಿಲು ಭದ್ರವಾಗುತ್ತದೆ. ಇದಕ್ಕೆ ಬೋಲ್ಟ್ ಆಕ್ಷನ್ ಎನ್ನುತ್ತಾರೆ. ಕೆಡುವ ಭಾಗಗಳು ಕಡಿಮೆ, ದೂಳು ಕೆಸರುಗಳಿಗೆ ಹೆದರುವುದಿಲ್ಲ. ನಮ್ಮ ಬೆಂಗಳೂರಿನ ಆಂಡರ್ಸನ್ ಬಳಸಿದ .405 ವಿಂಚೆಸ್ಟರ್ ಈ ಬಗೆಯದಲ್ಲ. ಅದರಲ್ಲಿ ಟ್ರಿಗರ್ ಸುತ್ತಲಿನ ಬಳೆಯನ್ನೇ ಕೆಳಕ್ಕೆ ಎಳೆದು ತೋಟೆ ತುಂಬಬೇಕು.

ಆ ಕಾಲದ ಶ್ರೀಮಂತ ಶಿಕಾರಿಗಳ ಮೆಚ್ಚಿನ ಆಯುಧ ಜೋಡುನಳಿಗೆ ರೈಫಲ್. ಎರಡು ನಳಿಗೆ, ಎರಡು ಟ್ರಿಗರ್. ಮೊದಲ ಈಡು ತಪ್ಪಿದರೆ ಬೆರಳು ಸರಿಸಿದಷ್ಟರಲ್ಲಿ ಎರಡನೆಯ ಈಡು ಹೊಡೆಯಬಹುದು. ಚಿಲಕ ಎತ್ತಿ ಎಳೆದು ತಳ್ಳುವ ಹೊತ್ತು ಉಳಿಯುತ್ತದೆ. ಹುಲಿ ಮೈಮೇಲೆ ಬರುವಾಗ ಆ ಹೊತ್ತಿಗೆ ಪ್ರಾಣದ ಬೆಲೆ ಇರುತ್ತದೆ. ಆದರೆ ಎರಡೂ ನಳಿಗೆಯ ಗುಂಡು ಒಂದೇ ಜಾಗಕ್ಕೆ ಬೀಳುವಂತೆ ಕೈಯಿಂದ ಹೊಂದಿಸಬೇಕಾದ್ದರಿಂದ ಅದರ ಬೆಲೆ ವಿಪರೀತ. ತೂಕವೂ ಹೆಚ್ಚು. ಕಾರ್ಬೆಟ್ ಬಳಿಯಿದ್ದ .450/400 ಜೋಡುನಳಿಗೆಯಂಥ ರೈಫಲ್‌ಗಳು ಹತ್ತು ಪೌಂಡಿನ ಸುಮಾರಿಗೆ ತೂಗುತ್ತವೆ. ರಿಗ್ಬಿಯ .275 ಏಳೂವರೆ ಪೌಂಡಿನ ಆಸುಪಾಸು, ಅಂದರೆ ಸುಮಾರು 3.4 ಕಿಲೋ.

ಎರಡೂವರೆ ಪೌಂಡಿನ ಅಂತರ ಅಂಗಡಿಯ ತಕ್ಕಡಿಯಲ್ಲಿ ಅಲ್ಪವೆನಿಸಬಹುದು. ದಿನಕ್ಕೆ ಹದಿನೈದು ಇಪ್ಪತ್ತು ಮೈಲಿ ಬೆಟ್ಟ ಹತ್ತಿಳಿಯುವವನಿಗೆ ಅದು ಸಂಜೆಯ ಹೊತ್ತಿಗೆ ಮಣಭಾರ. ಸೋತ ತೋಳು ಗುರಿಯನ್ನು ನಿಲ್ಲಿಸಲಾರದು. ನರಭಕ್ಷಕನ ಹಿಂದೆ ಹೋಗುವವನು ಕೋವಿಯನ್ನು ಹೆಗಲಿಗೆ ನೇತುಹಾಕಿಕೊಂಡು ನಡೆಯುವಂತೆಯೂ ಇಲ್ಲ. ಯಾವ ಪೊದೆಯ ಹಿಂದೆ ಏನಿದೆಯೋ ಎಂದು ಸದಾ ಎರಡೂ ಕೈಯಲ್ಲಿ ಹಿಡಿದೇ ನಡೆಯಬೇಕು.

ಹಗುರವಾದದ್ದೆಲ್ಲ ಒಳ್ಳೆಯದೆಂದು ತಿಳಿಯಬಾರದು. ಒಂದೇ ತೋಟೆಯನ್ನು ಹಗುರ ಕೋವಿಯಲ್ಲಿ ಹಾರಿಸಿದರೆ ಭುಜಕ್ಕೆ ಬೀಳುವ ಒದೆತ ಹೆಚ್ಚು. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುತ್ತಾನೆ, ಗುರಿ ಕೆಡುತ್ತದೆ. ಏದುಸಿರು ಬಿಡುವವನ ಕೈಯಲ್ಲಿ ಹಗುರ ನಳಿಗೆ ಅಲ್ಲಾಡುತ್ತದೆ. ತೆಳುವಾದ ನಳಿಗೆ ಬೇಗ ಬಿಸಿಯಾಗುತ್ತದೆ. ಆದ್ದರಿಂದ ಹಗುರ ಕೋವಿ ಬೇಕೆನ್ನುವವನು ಮಿತವಾದ ಶಕ್ತಿಯ ತೋಟೆಯನ್ನು ಆರಿಸಬೇಕಾಗುತ್ತದೆ. .275ರ ಗುಂಡು 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. .450/400ರ ಗುಂಡು 400 ಗ್ರೇನ್, ಸುಮಾರು 26 ಗ್ರಾಂ. ದೊಡ್ಡ ಗುಂಡು ಸ್ವಲ್ಪ ತಪ್ಪಿದರೂ ಪ್ರಾಣಿಯನ್ನು ಕೆಡವಬಹುದು. ಸಣ್ಣ ಗುಂಡಿಗೆ ಆ ಉದಾರತೆ ಇಲ್ಲ.

ಈ ಮಾತಿಗೆ ಆಫ್ರಿಕದ ಒಂದು ನಿದರ್ಶನವಿದೆ. ಕರಮೋಜೊ ಬೆಲ್ ಎಂದು ಹೆಸರಾದ ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಅವುಗಳಲ್ಲಿ ಬಹುಪಾಲಿಗೆ ಬಳಸಿದ್ದು ಇದೇ .275. ಆನೆಯ ತಲೆಬುರುಡೆಯನ್ನು ಕೊಯ್ದು, ಮಿದುಳು ಎಲ್ಲಿದೆ, ಯಾವ ಕೋನದಿಂದ ಗುಂಡು ಅಲ್ಲಿಗೆ ತಲುಪುತ್ತದೆ ಎಂದು ಆತ ಅಭ್ಯಾಸ ಮಾಡಿದ್ದ. ಆ ಅಭ್ಯಾಸವಿಲ್ಲದೆ ಅದೇ ಕೋವಿ ಹಿಡಿದವನಿಂದ ಆಗುವುದು ಆನೆಗೆ ಗಾಯ ಅಥವಾ ತನ್ನ ಸಾವು. ದೊಡ್ಡ ಪ್ರಾಣಿಗಳಿಗೆ ಇಷ್ಟಕ್ಕಿಂತ ಸಣ್ಣ ಕೋವಿ ಕೂಡದೆಂದು ಮುಂದೆ ಆಫ್ರಿಕದ ಹಲವು ದೇಶಗಳು ಕಾನೂನನ್ನೇ ಮಾಡಿದುವು.

ಕಾರ್ಬೆಟ್ ಎರಡೂ ಬಗೆಯನ್ನು ಇಟ್ಟುಕೊಂಡಿದ್ದ. 1938ರ ನವೆಂಬರಿನಲ್ಲಿ ಠಾಕ್ ಎಂಬ ಹಳ್ಳಿಯ ನರಭಕ್ಷಕಿಯನ್ನು ಹೊಡೆದದ್ದು ಭಾರಿ ಜೋಡುನಳಿಗೆಯಿಂದ. ಬಂಡೆಯ ಚಾಚಿನ ಮೇಲೆ ಕಾಲೂರಲು ಜಾಗವಿಲ್ಲದೆ ಒರಗಿದ್ದ ಆತ ಕೋವಿಯ ಒದೆತಕ್ಕೆ ಜಾರಿ, ಕೆಳಗೆ ಕೂತಿದ್ದ ತನ್ನ ಆಳುಗಳ ಮೇಲೆಯೇ ಬಿದ್ದ. ಅದಕ್ಕೆ ಎಂಟು ವರ್ಷ ಮೊದಲು, 1930ರ ಏಪ್ರಿಲ್ 11ರಂದು, ಹಗುರ ರೈಫಲ್ ಆತನ ಜೀವ ಉಳಿಸಿತ್ತು.

ಚೌಗಢದ ನರಭಕ್ಷಕಿ 64 ಜನರನ್ನು ತಿಂದಿತ್ತು. ಅದನ್ನು ಹುಡುಕುತ್ತಾ ಹಳ್ಳದ ಗುಂಟ ಇಳಿಯುವಾಗ ಕಾರ್ಬೆಟ್ಟನಿಗೆ ನತ್ತಿಂಗ ಹಕ್ಕಿಯ ಎರಡು ಮೊಟ್ಟೆ ಸಿಕ್ಕಿದುವು. ಮೊಟ್ಟೆ ಸಂಗ್ರಹಿಸುವ ಹವ್ಯಾಸದ ಆತ ಅವನ್ನು ಎಡಗೈಯಲ್ಲಿ ಹಿಡಿದುಕೊಂಡ. ಬಲಗೈಯಲ್ಲಿ ರೈಫಲ್. ಒಂದು ದೊಡ್ಡ ಬಂಡೆಯನ್ನು ಬಳಸಿ ಮುಂದೆ ಬಂದು ಬಲಭುಜದ ಮೇಲಿಂದ ಹಿಂದಿರುಗಿ ನೋಡಿದರೆ, ಎಂಟು ಅಡಿ ದೂರದಲ್ಲಿ ಹುಲಿ ಮಲಗಿ ಆತನನ್ನೇ ನೋಡುತ್ತಿತ್ತು. ಥಟ್ಟನೆ ತಿರುಗಿದರೆ ಹಾರುತ್ತದೆ. ಆತ ಒಂದೇ ಕೈಯಲ್ಲಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ರೈಫಲನ್ನು ಮುಕ್ಕಾಲು ಸುತ್ತು ತಿರುಗಿಸಿದ. ತೋಳು ಪೂರ್ತಿ ಚಾಚಿ, ಒಂದೇ ಕೈಯಿಂದ ಹೊಡೆದ. ಗುಂಡು ಬೆನ್ನೆಲುಬನ್ನು ಮುರಿದು ಹೃದಯವನ್ನು ಸೀಳಿತು.

ತನಗೆ ತೊಡಕೆಂದು ಕಾಣುವ ಮೂರು ಸಂಗತಿಗಳೇ ತನ್ನನ್ನು ಉಳಿಸಿದುವು ಎಂದು ಕಾರ್ಬೆಟ್ ಲೆಕ್ಕ ಹಾಕಿದ್ದಾನೆ. ಒಂದು, ಕೈಯಲ್ಲಿದ್ದ ಮೊಟ್ಟೆ. ಅವಿಲ್ಲದಿದ್ದರೆ ಎರಡೂ ಕೈಯಲ್ಲಿ ಕೋವಿ ಹಿಡಿದು ಸರಕ್ಕನೆ ತಿರುಗುತ್ತಿದ್ದ. ಎರಡು, ಹಗುರ ರೈಫಲ್. ಭಾರದ್ದಾಗಿದ್ದರೆ ಒಂದು ಕೈಯಲ್ಲಿ ಎತ್ತಿ ಚಾಚಲು ಆಗುತ್ತಿರಲಿಲ್ಲ. ಮೂರು, ಹುಲಿ ನರಭಕ್ಷಕಿಯಾಗಿದ್ದದ್ದು. ಬೇರೆ ಹುಲಿಯಾಗಿದ್ದರೆ ಸಿಕ್ಕಿಕೊಂಡೆನೆಂದು ಗಾಬರಿಗೊಂಡು ಮೇಲೆ ಹಾರುತ್ತಿತ್ತು. ಆಮೇಲೆ ಆತ ಮೊಟ್ಟೆಗಳನ್ನು ಗೂಡಿಗೆ ಮರಳಿಸಿದ. ಅರ್ಧ ಗಂಟೆಯೊಳಗೆ ತಾಯಿಹಕ್ಕಿ ಬಂದು ಕಾವಿಗೆ ಕೂತಿತ್ತು.

ಕೋವಿ ಆರಿಸುವ ವಿಚಾರ ಬೇಟೆಗಾರನ ಅನುಕೂಲದಲ್ಲೇ ಮುಗಿಯುವುದಿಲ್ಲ. ಚಂಪಾವತ್‌ನ ಹುಲಿ ಸತ್ತ ಮೇಲೆ ಅದರ ಬಾಯಿ ಬಿಡಿಸಿ ನೋಡಿದರು. ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ, ಕೆಳಗಿನದು ಬುಡಮಟ್ಟ ಮುರಿದಿದ್ದುವು. ಹಿಂದೆಂದೋ ಯಾರೋ ಹೊಡೆದ ಗುಂಡಿನ ಫಲ. ಸಹಜ ಬೇಟೆಯಾಡಲಾರದೆ ಅದು ಮನುಷ್ಯರನ್ನು ಹಿಡಿಯಿತು ಎಂಬುದು ಕಾರ್ಬೆಟ್ಟನ ತೀರ್ಮಾನ. ಹೊಡೆದವನು ಯಾರು, ಅವನ ಕೋವಿ ಯಾವುದು ಎಂದು ಲೋಕಕ್ಕೆ ಗೊತ್ತಾಗಲಿಲ್ಲ. ಒಂದು ಗುರಿ ತಪ್ಪಿದ ಈಡಿನ ಸಾಲವನ್ನು ತೀರಿಸಿದವರು ಹುಲ್ಲು ಸೌದೆಗೆ ಹೋದ ಬಡಹೆಂಗಸರು. ತನ್ನ ಅಳವಿಗೆ ಮೀರಿದ ಕೋವಿಯನ್ನು ಹಿಡಿಯುವುದು, ಕೋವಿಯ ಅಳವಿಗೆ ಮೀರಿದ ಪ್ರಾಣಿಗೆ ಹೊಡೆಯುವುದು, ಎರಡರ ಪರಿಣಾಮವೂ ಒಂದೇ.

ಕೋವಿಯ ಒಡೆತನಕ್ಕೂ ಇದೇ ಮಾತು ಸಲ್ಲುತ್ತದೆ. ಬ್ರಿಟಿಷರು ದೇಶದ ಜನರಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶ ಕೊಡವರಿಗೆ ವಿನಾಯಿತಿ ಕೊಟ್ಟಿತು. ಸ್ವಾತಂತ್ರ್ಯಾನಂತರ 1959ರ ಆಯುಧ ಕಾಯಿದೆಯ ಕೆಳಗೆ 1963ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವುದು ಅಲ್ಲಿನ ರೂಢಿ. ಸೆಪ್ಟೆಂಬರಿನ ಕೈಲ್ ಪೊಳ್ದ್‌ನಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಪೂಜೆಯ ನಂತರ ಹಿಂದೆ ಬೇಟೆಗೆ ಹೊರಡುತ್ತಿದ್ದರು. ಈಗ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ.

ಬೇಟೆ ನಿಂತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ. ಆದ್ದರಿಂದ ಬೇಟೆಗೆ ಯಾವ ರೈಫಲ್ ಕೊಳ್ಳಲಿ ಎಂಬ ಪ್ರಶ್ನೆ ಸ್ಕಾಟ್ಲೆಂಡಿನವನಿಗೋ ಅಮೆರಿಕದವನಿಗೋ ಇದ್ದೀತು, ಭಾರತೀಯನಿಗೆ ಉಳಿದಿಲ್ಲ. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಬೆಳೆ ಕಾಯುವ ರೈತನ ಕೋವಿಯೂ ಚುನಾವಣೆ ಬಂತೆಂದರೆ ಪೊಲೀಸ್ ಠಾಣೆ ಸೇರುತ್ತದೆ.

ಕಾರ್ಬೆಟ್ಟನೂ ಕೊನೆಗೆ ಕೋವಿಗಿಂತ ಕ್ಯಾಮೆರಾವನ್ನು ಹೆಚ್ಚು ಮೆಚ್ಚಿದ. 1936ರಲ್ಲಿ ಸ್ಥಾಪನೆಯಾದ ದೇಶದ ಮೊದಲ ರಾಷ್ಟ್ರೀಯ ಉದ್ಯಾನಕ್ಕೆ ಮುಂದೆ ಆತನ ಹೆಸರೇ ಬಂತು. 1973ರಲ್ಲಿ ಹುಲಿ ಯೋಜನೆ ಆರಂಭವಾದದ್ದೂ ಅಲ್ಲೇ. 1947ರಲ್ಲಿ ಭಾರತ ಬಿಟ್ಟ ಆತ 1955ರಲ್ಲಿ ಕೀನ್ಯಾದಲ್ಲಿ ತೀರಿಕೊಂಡ. ಆ ಹಗುರ ರೈಫಲ್ ಆತನ ಪುಸ್ತಕಗಳ ಪ್ರಕಾಶಕರ ವಶದಲ್ಲಿ ಬಹುಕಾಲ ಇದ್ದು, ಈಚಿನ ವರ್ಷಗಳಲ್ಲಿ ತಯಾರಿಸಿದ ಕಂಪೆನಿಗೇ ಮರಳಿದೆ. ಹಿಡಿಯ ಮೇಲಿನ ಬೆಳ್ಳಿಯ ತಗಡಿನಲ್ಲಿ ಚಂಪಾವತ್‌ನ ಹುಲಿಯ ಹೆಸರಿದೆ. ಆ ಹುಲಿಯನ್ನು ಹೊಡೆದದ್ದು ಆ ರೈಫಲ್ ಅಲ್ಲ ಎಂಬುದು, ಆ ಹುಲಿಯನ್ನು ನರಭಕ್ಷಕಿ ಮಾಡಿದ್ದೂ ಒಂದು ಕೋವಿಯೇ ಎಂಬುದು ಆ ತಗಡಿನಲ್ಲಿಲ್ಲ. ಓದುಗರು ಮಾತ್ರ ಅದನ್ನು ನೆನಪಿಡಬೇಕು.